ಕೀಲಿ ಹಾಕಿದರೆ ಸಾಕೇ?



ಪಾಠ ಓದುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರವನ್ನು ಬಾಯಿ ಬಿಟ್ಟು ಹೇಳಬೇಡಿ. ಮನಸ್ಸಿನಲ್ಲೇ ಹೇಳಿಕೊಳ್ಳಿ.

ನಿಮ್ಮ ಮನೆಯಲ್ಲಿ ಬಂಗಾರ ಎಲ್ಲಿದೆ? ರೊಕ್ಕ ಎಲ್ಲಿದೆ?

ಜೋಳದ ಚೀಲದಲ್ಲಿದೆಯೇ? ದೇವರ ಜಗಲಿಯ ಹಿಂದೆ ಇದೆಯೇ? ಟ್ರಂಕಿನ ತಳದಲ್ಲಿ, ಹಳೆಯ ಸೀರೆಯ ಮಡಿಕೆಯಲ್ಲಿದೆಯೇ? ಅಕ್ಕಿ ಡಬ್ಬಿಯಲ್ಲಿದೆಯೇ?

ಆ ಜಾಗ ನಿಮಗೆ ಮಾತ್ರ ಗೊತ್ತು ಎಂದು ನೀವು ತಿಳಿದಿದ್ದೀರಿ. ಅದು ಕಳ್ಳನಿಗೂ ಗೊತ್ತು. ಯಾಕೆಂದರೆ ಎಲ್ಲರೂ ಅಲ್ಲೇ ಇಡುತ್ತಾರೆ.

ಜಾತ್ರೆಯ ರಾತ್ರಿ

ಹುಮನಾಬಾದಿನಲ್ಲಿ ಪ್ರತಿ ವರ್ಷ ಜನವರಿ ತಿಂಗಳಲ್ಲಿ ವೀರಭದ್ರೇಶ್ವರ ಜಾತ್ರೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಜನ ಮನೆಮಂದಿಯೆಲ್ಲ ಕೂಡಿ ಹೋಗುತ್ತಾರೆ. ಹಳ್ಳಿಯಲ್ಲಿ ಓಣಿಗೆ ಓಣಿಯೇ ಖಾಲಿ ಆಗುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನೂ ಒಂದು ವರ್ಷ ಹೀಗೇ ಹೋದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಹಿರಿಯ ಮಗಳ ಮದುವೆ ಆಗಿತ್ತು. ಕಿರಿಯ ಮಗಳ ಮದುವೆ ಬೇಸಿಗೆಯಲ್ಲಿ ಎಂದು ಮಾತಾಗಿತ್ತು. ಮನೆಯಲ್ಲಿ ಒಂದು ಬೋರಮಾಳ ಇತ್ತು. ಒಂದು ಜೊತೆ ಝುಮಕಿ ಇತ್ತು. ತೊಗರಿ ಮಾರಿದ ನಲವತ್ತು ಸಾವಿರ ರೂಪಾಯಿ ಇತ್ತು. ಎಲ್ಲವೂ ಒಂದೇ ಟ್ರಂಕಿನಲ್ಲಿ.

ಅವರು ಬಾಗಿಲಿಗೆ ಕೀಲಿ ಹಾಕಿದರು. ಎರಡು ಸಲ ಜಗ್ಗಿ ನೋಡಿದರು. ಮಗ ಹೊಲದಿಂದ ಬಂದರೆ ತೆರೆಯಲಿ ಎಂದು ಕೀಲಿಕೈಯನ್ನು ಚೌಕಟ್ಟಿನ ಮೇಲಿನ ಗೂಡಿನಲ್ಲಿಟ್ಟು ಹೋದರು.

ತೇರು ನೋಡಿ ನಡುರಾತ್ರಿ ತಿರುಗಿ ಬಂದರು. ಬಾಗಿಲು ತೆರೆದಿತ್ತು. ಕೀಲಿ ಮುರಿದಿರಲಿಲ್ಲ. ಕೀಲಿಕೈ ಕೀಲಿಯಲ್ಲೇ ಜೋತಾಡುತ್ತಿತ್ತು. ಟ್ರಂಕು ಮಾತ್ರ ಒಡೆದಿತ್ತು.

ಅಕ್ಕ ಬಾಯಿ ಬಡಕೊಂಡು ಅತ್ತರು. ಓಣಿಯ ಜನ ಒಳಗೆ ಬಂದರು. ಒಬ್ಬರು ಟ್ರಂಕು ಎತ್ತಿ ನೋಡಿದರು. ಇನ್ನೊಬ್ಬರು ಬಟ್ಟೆ ಮಡಚಿಟ್ಟರು. ಬೆಳಗಾದ ಮೇಲೆ ಯಾರೋ ಪಾಪ, ಕಸವನ್ನೂ ಗುಡಿಸಿದರು. ಪೊಲೀಸರು ಬರುವ ಹೊತ್ತಿಗೆ ಕಳ್ಳನ ಹೆಜ್ಜೆಯ ಗುರುತು ಇರಲಿಲ್ಲ. ಬೆರಳಿನ ಗುರುತಿನ ಮೇಲೆ ಹತ್ತು ಜನರ ಬೆರಳು ಬಿದ್ದಿತ್ತು.

ಠಾಣೆಗೆ ನಾನೂ ಅವರ ಜೊತೆ ಹೋಗಿದ್ದೆ. ಸಾಹೇಬರು ಕೇಳಿದರು.

"ಬೋರಮಾಳ ಎಷ್ಟು ತೊಲಿ ಇತ್ತು, ತಾಯಿ?"

"ಗೊತ್ತಿಲ್ರಿ. ನಮ್ಮವ್ವ ಕೊಟ್ಟಿದ್ದು."

"ಅಂಗಡಿ ಪಾವತಿ ಅದೇನು?"

"ಇಲ್ರಿ."

"ನೋಡ್ಲಿಕ್ಕೆ ಹ್ಯಾಂಗಿತ್ತು?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಭಾಳ ಛಂದ ಇತ್ರಿ."

ಅಷ್ಟೇ ಹೇಳಲು ಬಂತು. ದೂರಿನ ಕೆಳಗೆ ಅವರು ಹೆಬ್ಬೆಟ್ಟು ಒತ್ತಿದರು.

ಮರುದಿನ ಅವರ ಹಿರಿಯ ಮಗಳು ತನ್ನ ಮದುವೆಯ ಫೋಟೊ ತಂದಳು. ಅದರಲ್ಲಿ ಅಕ್ಕ ಬೋರಮಾಳ ಹಾಕಿಕೊಂಡು ನಿಂತಿದ್ದರು. ಅದನ್ನು ಠಾಣೆಗೆ ಕೊಟ್ಟೆವು. ಮಧ್ಯದ ಒಂದು ಗುಂಡು ನೆಗ್ಗಿದೆ ಎಂಬುದೂ ಅಕ್ಕನಿಗೆ ಆಗ ನೆನಪಿಗೆ ಬಂತು. ಅದನ್ನೂ ಬರೆಸಿದೆವು.

ಕೆಲವು ತಿಂಗಳ ಮೇಲೆ ಕಳ್ಳರು ಸಿಕ್ಕರು. ಅವರ ಹತ್ತಿರ ಬೇರೆ ಬೇರೆ ಮನೆಗಳ ಒಡವೆ ಇದ್ದವು. ಫೋಟೊದಿಂದ, ನೆಗ್ಗಿದ ಗುಂಡಿನಿಂದ ಬೋರಮಾಳದ ಗುರುತು ಹತ್ತಿತು. ಕೋರ್ಟಿನ ಮೂಲಕ ಅದು ತಿರುಗಿ ಬಂತು. ಝುಮಕಿ ಬರಲಿಲ್ಲ. ಅವುಗಳ ಫೋಟೊ ಇರಲಿಲ್ಲ. ರೊಕ್ಕ ಬರಲಿಲ್ಲ. ರೊಕ್ಕಕ್ಕೆ ಗುರುತು ಎಲ್ಲಿಯದು? ಕಿರಿಯ ಮಗಳ ಮದುವೆ ಒಂದು ವರ್ಷ ಮುಂದೆ ಹೋಯಿತು.

ಕೋರ್ಟಿನಲ್ಲಿ ಬೋರಮಾಳ ತೆಗೆದುಕೊಳ್ಳುವಾಗ ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ತಮ್ಮ ಹೆಸರು ಬರೆದರು. ಆ ಹೊತ್ತಿಗೆ ಅವರು ನಮ್ಮ ಕೇಂದ್ರಕ್ಕೆ ಬರಲು ಹತ್ತಿದ್ದರು.

ಈ ಅಕ್ಕನ ಮನೆಯಲ್ಲಿ ಎಷ್ಟು ತಪ್ಪುಗಳಾದವು? ಬೆರಳು ಮಡಚಿ ಎಣಿಸಿರಿ. ಮುಂದೆ ಒಂದೊಂದನ್ನೇ ನೋಡೋಣ.

ಕನ್ನ ಎಂದರೇನು?

"ಮನೆಗೆ ಕನ್ನ ಬಿತ್ತು" ಎನ್ನುತ್ತೇವೆ. ಕನ್ನ ಎಂದರೆ ಕಳ್ಳ ಗೋಡೆಯಲ್ಲಿ ಕೊರೆದ ತೂತು. ಹಿಂದೆ ಮನೆಗಳಿಗೆ ಮಣ್ಣಿನ ಗೋಡೆ ಇರುತ್ತಿದ್ದವು. ಕಳ್ಳ ಹಿಂದಿನ ಗೋಡೆ ಕೊರೆದು ಒಳಗೆ ನುಗ್ಗುತ್ತಿದ್ದ.

ನಮ್ಮ ಬಸವಕಲ್ಯಾಣಕ್ಕೂ ಈ ಪದಕ್ಕೂ ನಂಟಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬವರಿದ್ದರು. ಅವರು ಮೊದಲು ಕನ್ನ ಹಾಕುವ ಕಳ್ಳರಾಗಿದ್ದರು ಎಂದು ಹೇಳುತ್ತಾರೆ. ಆಮೇಲೆ ಶರಣರಾದರು. ವಚನ ಬರೆದರು. ಕಳ್ಳನೂ ಬದಲಾಗಬಲ್ಲ ಎಂಬುದಕ್ಕೆ ಅವರ ಕಥೆ ಸಾಕ್ಷಿ. ಆದರೆ ಎಲ್ಲ ಕಳ್ಳರೂ ಮಾರಿತಂದೆಯಾಗುವ ತನಕ ನಾವು ಎಚ್ಚರದಿಂದ ಇರಬೇಕು!

ಈಗಿನ ಕಳ್ಳನಿಗೆ ಗೋಡೆ ಕೊರೆಯುವ ಕೆಲಸವಿಲ್ಲ. ಒಂದು ಕಬ್ಬಿಣದ ಸಲಾಕೆ ಸಾಕು. ಕೊಂಡಿ ಮೀಟುತ್ತಾನೆ. ಕೀಲಿ ಗಟ್ಟಿ ಇದ್ದರೂ ಕೊಂಡಿ ಸಡಿಲ ಇದ್ದರೆ ಕೀಲಿಯ ಸಮೇತ ಕಿತ್ತು ಬರುತ್ತದೆ.

ಕಳ್ಳ ಏನು ನೋಡುತ್ತಾನೆ?

ಕಳ್ಳ ಹಗಲು ಹೊತ್ತಿನಲ್ಲಿ ಓಣಿ ಸುತ್ತುತ್ತಾನೆ. ಮನೆಯಲ್ಲಿ ಜನರಿಲ್ಲ ಎಂಬುದನ್ನು ಕಣ್ಣಿನಿಂದಲೇ ಓದುತ್ತಾನೆ.

ಬಾಗಿಲ ಹೊರಗೆ ದೊಡ್ಡ ಕೀಲಿ.
ಅಂಗಳ ಗುಡಿಸಿಲ್ಲ, ರಂಗೋಲಿ ಇಲ್ಲ.
ಸಂಜೆಗೆ ದೀಪವಿಲ್ಲ.
ಹಗ್ಗದ ಮೇಲಿನ ಬಟ್ಟೆ ಎರಡು ದಿನದಿಂದ ಅಲ್ಲೇ.

ನಮ್ಮ ಕಡೆಯ ಎಷ್ಟೋ ಜನ ಕೆಲಸಕ್ಕೆಂದು ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಮನೆಗೆ ಕೀಲಿ. ಇಂಥ ಮನೆಗಳಿಗೆ ಭಯ ಹೆಚ್ಚು.

ಬೇಸಿಗೆಯಲ್ಲಿ ಇನ್ನೊಂದು ಭಯ. ಸೆಕೆ ಎಂದು ಮನೆಮಂದಿ ಮಾಳಿಗೆಯ ಮೇಲೆ ಮಲಗುತ್ತಾರೆ. ಕೆಳಗೆ ಬಾಗಿಲು ಮುಂದಕ್ಕೆ ತಳ್ಳಿರುತ್ತದೆ, ಅಷ್ಟೇ. ಮೇಲೆ ನಿದ್ದೆ, ಕೆಳಗೆ ಕಳ್ಳ.

ಹಾಗಾದರೆ ಏನು ಮಾಡಬೇಕು?

1. ಕೀಲಿಕೈಯನ್ನು ಗೂಡಿನಲ್ಲಿ, ತುಳಸಿ ಕಟ್ಟೆಯಲ್ಲಿ, ಚಪ್ಪಲಿಯ ಕೆಳಗೆ ಇಡಬೇಡಿ. ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇಲ್ಲವೇ ನಂಬಿಕೆಯವರ ಕೈಯಲ್ಲಿ ಕೊಡಿ.

2. ಕೊಂಡಿ, ಚಿಲಕ, ಮೊಳೆ ಗಟ್ಟಿ ಇವೆಯೇ ನೋಡಿ. ಬಡಿಗೇರನನ್ನು ಕರೆಸಿ ಉದ್ದನೆಯ ಸ್ಕ್ರೂ ಹಾಕಿಸಿ.

3. ಮುಂಬಾಗಿಲು ಮಾತ್ರ ನೋಡಿದರೆ ಸಾಲದು. ಹಿತ್ತಲ ಬಾಗಿಲು, ಕಿಟಕಿ, ಮಾಳಿಗೆಗೆ ಹೋಗುವ ಬಾಗಿಲು, ಬೆಳಕಿಂಡಿ ಇವನ್ನೂ ನೋಡಿ. ಏಣಿಯನ್ನು, ಹಾರೆ-ಗುದ್ದಲಿಯನ್ನು ಹೊರಗೆ ಬಿಡಬೇಡಿ. ಅವೇ ಕಳ್ಳನ ಕೈಗೆ ಆಯುಧವಾಗುತ್ತವೆ.

4. ಊರಿಗೆ ಹೋಗುವಾಗ ನೆರೆಮನೆಯವರಿಗೆ ಹೇಳಿ ಹೋಗಿ. "ವೈನೀ, ಎರಡು ದಿನ ಊರಾಗ ಇರಂಗಿಲ್ಲ. ಅಂಗಳ ಗುಡಿಸ್ರಿ, ಸಂಜಿಗೆ ದೀಪ ಹಚ್ರಿ" ಎನ್ನಿ. ನಾಳೆ ಅವರು ಹೋದಾಗ ನೀವು ನೋಡಿಕೊಳ್ಳಿ. ಒಳ್ಳೆಯ ನೆರೆಹೊರೆಯಷ್ಟು ಗಟ್ಟಿಯಾದ ಕೀಲಿ ಬೇರೆ ಇಲ್ಲ.

5. ಬಹಳ ದಿನ ಹೋಗುವುದಿದ್ದರೆ ಠಾಣೆಗೂ ತಿಳಿಸಿ. ನಿಮ್ಮ ಊರಿಗೆ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. ಅವರ ನಂಬರು ಬರೆದಿಟ್ಟುಕೊಳ್ಳಿ.

6. ಚಹಾದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ "ನಾವೆಲ್ಲ ಜಾತ್ರೆಗೆ ಹೊಂಟೀವಿ" ಎಂದು ಸಾರಬೇಡಿ. ತೊಗರಿ ಎಷ್ಟಕ್ಕೆ ಹೋಯಿತು, ರೊಕ್ಕ ಎಷ್ಟು ಬಂತು ಎಂಬುದೂ ಊರಿಗೆಲ್ಲ ಗೊತ್ತಾಗುವುದು ಬೇಡ.

ಹಗಲು ಕಳ್ಳರು

ಕೆಲವು ಕಳ್ಳರು ಕೀಲಿ ಮುರಿಯುವುದಿಲ್ಲ. ನಾವೇ ಬಾಗಿಲು ತೆರೆದು ಕರೆಯುವಂತೆ ಮಾಡುತ್ತಾರೆ.

"ಅವ್ವಾ, ಬಂಗಾರಕ್ಕ ಪಾಲಿಶ್ ಮಾಡಿ ಕೊಡ್ತೀವಿ" ಎಂದು ಬರುತ್ತಾರೆ. ಮೊದಲು ಹಿತ್ತಾಳೆ ಪಾತ್ರೆ ಫಳಫಳ ಮಾಡಿ ತೋರಿಸುತ್ತಾರೆ. ಆಮೇಲೆ ತಾಳಿ ಸರ ಬಿಚ್ಚಿಸಿ ಔಷಧದ ನೀರಿನಲ್ಲಿ ಅದ್ದುತ್ತಾರೆ. ಬಂಗಾರ ಆ ನೀರಿನಲ್ಲಿ ಕರಗುತ್ತದೆ. ಸರದ ತೂಕ ಕಡಿಮೆಯಾಗುತ್ತದೆ. ಇಲ್ಲವೇ ಸರವನ್ನೇ ಬದಲಿಸಿ ಹೋಗುತ್ತಾರೆ.

ಇನ್ನು ಕೆಲವರು ರಸ್ತೆಯಲ್ಲಿ ನಿಲ್ಲಿಸುತ್ತಾರೆ. "ನಾವು ಪೊಲೀಸರು. ಮುಂದೆ ಕಳ್ಳರಿದ್ದಾರೆ. ಬಂಗಾರ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಳ್ಳಿ" ಎನ್ನುತ್ತಾರೆ. ಕಟ್ಟಿಯೂ ಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು!

ನೆನಪಿಡಿ. ನಿಜವಾದ ಪೊಲೀಸರು ರಸ್ತೆಯಲ್ಲಿ ನಿಮ್ಮ ಬಂಗಾರ ಬಿಚ್ಚಿಸಿ ಕಟ್ಟಿಕೊಡುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ಜನರಿರುವ ಕಡೆ ನಡೆಯಿರಿ. ಕೂಗಿ ಕರೆಯಿರಿ.

ಎಲ್ಲಿ ಇಡಬೇಕು?

ಮೊದಲನೆಯ ಮಾತು: ಎಲ್ಲವನ್ನೂ ಒಂದೇ ಟ್ರಂಕಿನಲ್ಲಿ ಇಡಬೇಡಿ.

ಬೆಳೆ ಮಾರಿದ ರೊಕ್ಕ ಮನೆಯಲ್ಲಿ ಮಲಗುವುದು ಬೇಡ. ಬ್ಯಾಂಕಿನಲ್ಲಿ ಇಲ್ಲವೇ ಅಂಚೆ ಕಚೇರಿಯಲ್ಲಿ ಕಟ್ಟಿ. ಒಂದು ಬ್ಯಾಂಕಿನಲ್ಲಿರುವ ನಿಮ್ಮ ಠೇವಣಿಗೆ 5 ಲಕ್ಷ ರೂಪಾಯಿ ತನಕ ವಿಮೆ ಇದೆ. 2020ರಿಂದ ಈ ಮಿತಿ ಇದೆ.

ಬಂಗಾರಕ್ಕೆ ಬ್ಯಾಂಕಿನ ಲಾಕರ್ ಇದೆ. ಲಾಕರ್ ಎಂದರೆ ಬ್ಯಾಂಕಿನೊಳಗಿನ ಉಕ್ಕಿನ ಪೆಟ್ಟಿಗೆ. ಅದಕ್ಕೆ ವರ್ಷಕ್ಕೆ ಇಷ್ಟು ಎಂದು ಬಾಡಿಗೆ. ಅದರಲ್ಲಿ ಒಡವೆ, ಹೊಲದ ಕಾಗದ ಇಡಬಹುದು. ನೋಟು ಇಡಬಾರದು.

ಕಲಿಯುವವರೊಬ್ಬರು ನನ್ನನ್ನು ಕೇಳಿದರು: "ಸರ್, ಬ್ಯಾಂಕಿಗೂ ಕಳ್ಳರು ಬೀಳ್ತಾರಲ್ರಿ? ಆವಾಗ ಏನು?"

ಒಳ್ಳೆಯ ಪ್ರಶ್ನೆ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕಿನಲ್ಲಿ ಕಳ್ಳತನವಾಯಿತು. ಜನರು ಅಡವಿಟ್ಟಿದ್ದ ಸುಮಾರು 17 ಕಿಲೋ ಬಂಗಾರ ಹೋಯಿತು. 2025ರ ಮಾರ್ಚಿನಲ್ಲಿ ಪೊಲೀಸರು ಕಳ್ಳರನ್ನು ಹಿಡಿದರು. ಬಹುಪಾಲು ಬಂಗಾರ ದೂರದ ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತು. ಅಡವಿಟ್ಟ ಒಡವೆಗಳ ತೂಕ ಬ್ಯಾಂಕಿನಲ್ಲಿ ಬರೆದಿರುತ್ತದೆ. ಆದ್ದರಿಂದ ಯಾರದು ಎಷ್ಟು ಎಂದು ಹೇಳಲು ಬರುತ್ತದೆ.

ಆದರೆ ಲಾಕರಿನ ಮಾತು ಬೇರೆ. ಲಾಕರಿನಲ್ಲಿ ನೀವು ಏನಿಟ್ಟಿದ್ದೀರಿ ಎಂಬುದು ಬ್ಯಾಂಕಿಗೆ ಗೊತ್ತಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನಲ್ಲಿ ಕಳ್ಳತನವಾದರೆ, ಬೆಂಕಿ ಬಿದ್ದರೆ, ನೌಕರರೇ ಮೋಸ ಮಾಡಿದರೆ, ಬ್ಯಾಂಕು ಲಾಕರಿನ ಒಂದು ವರ್ಷದ ಬಾಡಿಗೆಯ 100 ಪಟ್ಟಿನ ತನಕ ಪರಿಹಾರ ಕೊಡಬೇಕು.

ಲೆಕ್ಕ ಮಾಡೋಣ. ಬಾಡಿಗೆ ವರ್ಷಕ್ಕೆ 1,500 ರೂಪಾಯಿ ಎಂದುಕೊಳ್ಳಿ.
1,500 × 100 = 1,50,000.
ಅಂದರೆ ಹೆಚ್ಚೆಂದರೆ ಒಂದೂವರೆ ಲಕ್ಷ. ಒಳಗೆ ಐದು ಲಕ್ಷದ ಬಂಗಾರ ಇದ್ದರೂ ಅಷ್ಟೇ.

ಲಾಕರ್ ಮನೆಗಿಂತ ಭದ್ರ, ಖರೆ. ಆದರೆ ಅದರಲ್ಲಿ ಏನಿದೆ ಎಂಬ ಪಟ್ಟಿ ನಿಮ್ಮ ಹತ್ತಿರ ಇರಲೇಬೇಕು. ವರ್ಷಕ್ಕೆ ಒಮ್ಮೆಯಾದರೂ ಹೋಗಿ ತೆರೆದು ನೋಡಿ. ನಿಮ್ಮ ನಂತರ ಯಾರಿಗೆ ಸೇರಬೇಕು ಎಂದು ಹೆಸರು ಬರೆಸಿ. ಅದಕ್ಕೆ ನಾಮಿನಿ ಎನ್ನುತ್ತಾರೆ.

ಬರೆದಿಟ್ಟದ್ದು ಕೆಡುವುದಿಲ್ಲ

ನೀವು ಈಗ ಅಕ್ಷರ ಕಲಿತಿದ್ದೀರಿ. ನಿಮ್ಮ ಬಂಗಾರ ಕಾಯಲು ಅಕ್ಷರವೂ ಒಂದು ಕಾವಲುಗಾರ. ಒಂದು ನೋಟುಬುಕ್ಕಿನಲ್ಲಿ ಹೀಗೆ ಬರೆಯಿರಿ:

ಬೋರಮಾಳ, ಒಂದು. 20 ಗ್ರಾಂ. ಮಧ್ಯದ ಗುಂಡು ನೆಗ್ಗಿದೆ. ಅವ್ವ ಕೊಟ್ಟದ್ದು.
ಝುಮಕಿ, ಒಂದು ಜೊತೆ. 6 ಗ್ರಾಂ. ಕೆಂಪು ಹರಳು.
ಬೆಳ್ಳಿ ಕಾಲುಚೈನು, ಒಂದು ಜೊತೆ. 100 ಗ್ರಾಂ. ಒಂದರ ಕೊಕ್ಕೆ ಹೊಸದು.
ಮೊಬೈಲು, ಒಂದು. ಐಎಂಇಐ ನಂಬರು ಡಬ್ಬಿಯ ಮೇಲಿದೆ.

ತೂಕ ಗೊತ್ತಿಲ್ಲವೇ? ಗುರುತಿನ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿ. ನಿಮ್ಮ ಕಣ್ಣ ಮುಂದೆಯೇ ತೂಗಲಿ. ಹೊಸ ಬಂಗಾರ ಕೊಂಡರೆ ಪಾವತಿ ಕೇಳಿ ಪಡೆಯಿರಿ. ಈಗಿನ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಒಂದು ಒಡವೆಗೆ ಇದ್ದ ಗುರುತು ಇನ್ನೊಂದಕ್ಕೆ ಇರುವುದಿಲ್ಲ. ಅದನ್ನೂ ಬರೆದಿಡಿ.

ಪ್ರತಿ ಒಡವೆಯ ಫೋಟೊ ತೆಗೆಯಿಸಿ. ಮಗನ ಮೊಬೈಲೂ ಸಾಕು. ಪಟ್ಟಿಯನ್ನು ಒಡವೆಯ ಟ್ರಂಕಿನಲ್ಲೇ ಇಡಬೇಡಿ! ಟ್ರಂಕಿನ ಜೊತೆ ಪಟ್ಟಿಯೂ ಹೋದೀತು.

ಕಳ್ಳತನ ಆದರೆ

1. ಕಳ್ಳ ಒಳಗೇ ಇದ್ದಾನೆ ಎನಿಸಿದರೆ ಒಬ್ಬರೇ ನುಗ್ಗಬೇಡಿ. ಬಂಗಾರ ಮತ್ತೆ ಗಳಿಸಬಹುದು. ಜೀವ ಗಳಿಸಲು ಬರುವುದಿಲ್ಲ. ಹೊರಗೆ ನಿಂತು ಜನರನ್ನು ಕರೆಯಿರಿ.

2. 112ಕ್ಕೆ ಫೋನು ಮಾಡಿ. ಇದಕ್ಕೆ ದುಡ್ಡು ಬೀಳುವುದಿಲ್ಲ.

3. ಏನನ್ನೂ ಮುಟ್ಟಬೇಡಿ. ಗುಡಿಸಬೇಡಿ. ಜನರನ್ನು ಒಳಗೆ ಬಿಡಬೇಡಿ.

4. ಠಾಣೆಗೆ ಹೋಗಿ ದೂರು ಕೊಡಿ. ನೀವು ಬಾಯಿಂದ ಹೇಳಿದರೂ ಅವರು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ನೀವೂ ಓದಿ ನೋಡಿ. ಆಮೇಲೆ ಸಹಿ ಮಾಡಿ. ಇದಕ್ಕೆ ಎಫ್‌ಐಆರ್ ಎನ್ನುತ್ತಾರೆ. ಅದರ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು.

5. "ಇದು ನಮ್ಮ ಠಾಣೆಗೆ ಬರುವುದಿಲ್ಲ" ಎಂದರೆ ಹೆದರಬೇಡಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು. ಅವರೇ ಸರಿಯಾದ ಠಾಣೆಗೆ ಕಳಿಸಬೇಕು. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗೆ, ಅಂದರೆ ಎಸ್‌ಪಿ ಸಾಹೇಬರಿಗೆ, ಅಂಚೆಯಲ್ಲಿ ಬರೆದು ಕಳಿಸಿ.

6. ಮಾಲು ಸಿಕ್ಕರೆ ಅದು ಕೋರ್ಟಿನ ಮೂಲಕ ಬರುತ್ತದೆ. ಅದು ನಿಮ್ಮದೇ ಎಂದು ತೋರಿಸಬೇಕು. ಪಟ್ಟಿ, ಫೋಟೊ, ಪಾವತಿ ಆಗ ಬೇಕು.

ಮನೆಯಲ್ಲಿ ಕಳ್ಳತನ ಮಾಡಿದವರಿಗೆ 7 ವರ್ಷದ ತನಕ ಜೈಲು ಆಗಬಹುದು. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಂಡವರಿಗೆ 3 ವರ್ಷದ ತನಕ ಜೈಲು ಆಗಬಹುದು. ಆದ್ದರಿಂದ ಅಗ್ಗಕ್ಕೆ ಸಿಕ್ಕಿತು ಎಂದು ಗುರುತಿಲ್ಲದವರಿಂದ ಬಂಗಾರ ಕೊಳ್ಳಬೇಡಿ.

ಎಚ್ಚರ ಬೇರೆ, ಸಂಶಯ ಬೇರೆ

ಕೊನೆಗೆ ಒಂದು ದುಃಖದ ಮಾತು. ಇದನ್ನು ಬಿಟ್ಟರೆ ಪಾಠ ಪೂರ್ತಿ ಆಗುವುದಿಲ್ಲ.

2018ರ ಜುಲೈ ತಿಂಗಳು. ನಮ್ಮದೇ ಬೀದರ ಜಿಲ್ಲೆಯ ಔರಾದ ಕಡೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. "ಮಕ್ಕಳ ಕಳ್ಳರು ಬಂದಾರ" ಎಂಬ ಸುದ್ದಿ ಮೊಬೈಲಿನಲ್ಲಿ ಹರಡಿತು. ಜನ ಅವರನ್ನು ತಡೆದು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ ಸತ್ತ. ಅವನು ಕಳ್ಳನಾಗಿರಲಿಲ್ಲ. ಹೊಡೆದವರಲ್ಲಿ ಎಷ್ಟೋ ಜನ ಜೈಲು ಕಂಡರು.

ಹಿಂದೆ ಬ್ರಿಟಿಷರು 1871ರಲ್ಲಿ ಒಂದು ಕಾನೂನು ಮಾಡಿದ್ದರು. ಊರೂರು ತಿರುಗುವ ಎಷ್ಟೋ ಸಮುದಾಯಗಳನ್ನು ಹುಟ್ಟು ಕಳ್ಳರೆಂದು ಬರೆದಿಟ್ಟರು. ಸ್ವತಂತ್ರ ಭಾರತ 1952ರಲ್ಲಿ ಆ ಕಾನೂನನ್ನು ತೆಗೆದುಹಾಕಿತು. ಆದರೆ ನಮ್ಮ ಮನಸ್ಸಿನಿಂದ ಅದು ಪೂರ್ತಿ ಹೋಗಿದೆಯೇ? ಸೂಜಿ-ದಾರ ಮಾರುವವರು, ಗುಡಾರ ಹಾಕಿದವರು ಬಂದರೆ ನಾವು ಹೇಗೆ ನೋಡುತ್ತೇವೆ? ಕಳ್ಳತನಕ್ಕೆ ಜಾತಿ ಇಲ್ಲ.

ಗುರುತಿಲ್ಲದವರ ಮೇಲೆ ಸಂಶಯ ಬಂದರೆ ಕೈ ಎತ್ತಬೇಡಿ. 112ಕ್ಕೆ ಫೋನು ಮಾಡಿ. ಗಾಡಿಯ ನಂಬರು ಬರೆದುಕೊಳ್ಳಿ. ನಿಮಗೆ ಈಗ ಬರೆಯಲು ಬರುತ್ತದೆ.

ಹೊಸ ಅಕ್ಷರ, ಹೊಸ ಪದ

ಕನ್ನ, ಚಿನ್ನ, ಅನ್ನ, ಬೆನ್ನು, ಕಣ್ಣು, ಹಣ್ಣು, ಮಣ್ಣು.
ಮೊದಲ ನಾಲ್ಕರಲ್ಲಿ ಯಾವ ಒತ್ತಕ್ಷರ ಇದೆ? ಕೊನೆಯ ಮೂರರಲ್ಲಿ ಯಾವುದಿದೆ? ಗಟ್ಟಿಯಾಗಿ ಓದಿರಿ. ಬರೆಯಿರಿ.

ಮಾತಾಡೋಣ

1. ಜಾತ್ರೆಗೆ ಹೋದ ಅಕ್ಕ ಮಾಡಿದ ತಪ್ಪುಗಳು ಯಾವುವು?
2. ಬೋರಮಾಳ ತಿರುಗಿ ಬಂತು, ಝುಮಕಿ ಬರಲಿಲ್ಲ. ಯಾಕೆ?
3. ಲಾಕರಿನ ಬಾಡಿಗೆ ವರ್ಷಕ್ಕೆ 2,000 ರೂಪಾಯಿ ಇದ್ದರೆ ಬ್ಯಾಂಕು ಹೆಚ್ಚೆಂದರೆ ಎಷ್ಟು ಪರಿಹಾರ ಕೊಡಬೇಕು?
4. ನಿಮ್ಮ ಓಣಿಯವರು ಒಬ್ಬರ ಮನೆ ಒಬ್ಬರು ಹೇಗೆ ಕಾಯಬಹುದು?

ಮನೆಯಲ್ಲಿ ಬರೆಯಿರಿ

ನಿಮ್ಮ ಮನೆಯ ಬೆಲೆಯುಳ್ಳ ಸಾಮಾನುಗಳ ಪಟ್ಟಿ ಬರೆಯಿರಿ. ಹೆಸರು, ಎಷ್ಟು, ತೂಕ, ಗುರುತು. ಆದರೆ ಈ ಪಟ್ಟಿಯನ್ನು ಕೇಂದ್ರಕ್ಕೆ ತಂದು ನನಗೆ ತೋರಿಸಬೇಡಿ. ತಪ್ಪಿದ್ದರೂ ಇರಲಿ. ಇದೊಂದು ಪಾಠ ಮಾಸ್ತರು ತಿದ್ದುವುದಿಲ್ಲ. ಇದು ನಿಮ್ಮ ಮನೆಯ ಮಾತು. ನಿಮ್ಮ ಮನೆಯಲ್ಲೇ ಇರಲಿ.